ಡೋಂಟ್ ಲುಕ್ ಬ್ಯಾಕ್ (೧೯೬೭ರ ಸಾಕ್ಷ್ಯಚಿತ್ರ)

'ಡೋಂಟ್ ಲುಕ್ ಬ್ಯಾಕ್' ಎಂಬುದು ಅಮೆರಿಕದ ಗಾಯಕ ಹಾಗೂ ಗೀತರಚನಕಾರ ಬಾಬ್ ಡಿಲನ್ ಅವರು ೧೯೬೫ರಲ್ಲಿ ಇಂಗ್ಲೆಂಡಿನಲ್ಲಿ ಕೈಗೊಂಡ ಗಾನಪ್ರವಾಸದ ತೆರೆಮರೆಯ ಸಂಗತಿಗಳನ್ನು ಸೆರೆಹಿಡಿದಿರುವ ಸಾಕ್ಷ್ಯಚಿತ್ರ. ಡಿ. ಎ. ಪೆನ್ನೆಬೇಕರ್ ಇದರ ನಿರ್ದೇಶಕರು. ಛಾಯಾಗ್ರಹಣದ ಬಹುಪಾಲನ್ನೂ ಸಂಕಲನವನ್ನೂ ಅವರೇ ನಿರ್ವಹಿಸಿದ್ದಾರೆ. ಡಿಲನ್ನರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಗ್ರಾಸ್‌ಮನ್ ಮತ್ತು ಜಾನ್ ಕೋರ್ಟ್ ನಿರ್ಮಾಪಕರು. ೧೬ ಮಿಲಿಮೀಟರ್ ಅಳತೆಯ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರಿತವಾದ, ೯೬ ನಿಮಿಷಗಳ ಅವಧಿಯ ಈ ಚಿತ್ರವು ೧೯೬೭ರ ಮೇ ೧೭ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ರೆಸಿಡಿಯೊ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಜನಪ್ರಿಯ ಗಾಯಕರೊಬ್ಬರ ಪ್ರವಾಸವನ್ನು ವೇದಿಕೆಯ ಹಿಂದಿನಿಂದ ನೋಡುವ ಚಿತ್ರಪ್ರಕಾರಕ್ಕೆ ಇದನ್ನು ಮೂಲಮಾದರಿಯೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ೧೯೯೮ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸಂರಕ್ಷಿಸಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಇಂಗ್ಲಿಷಿನಲ್ಲಿ ಚಿತ್ರದ ಹೆಸರನ್ನು ಬರೆಯುವಾಗ ಮೊದಲ ಪದದಲ್ಲಿರಬೇಕಾದ ಲೋಪಚಿಹ್ನೆಯನ್ನು ಬೇಕೆಂದೇ ಬಿಡಲಾಗಿದೆ. ಭಾಷೆಯನ್ನು ಸರಳಗೊಳಿಸುವ ಉದ್ದೇಶದಿಂದ ಹಾಗೆ ಮಾಡಿದುದಾಗಿ ಪೆನ್ನೆಬೇಕರ್ ಹೇಳಿದ್ದಾರೆ. ಇದನ್ನು ಮುದ್ರಣದೋಷವೆಂದು ಬಗೆದು ತಿದ್ದಿರುವ ಪುಸ್ತಕಗಳೂ ಲೇಖನಗಳೂ ಹಲವಿವೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹಿಂದಿರುಗಿ ನೋಡಬೇಡ, ಯಾರಾದರೂ ಬೆನ್ನಟ್ಟಿ ಬರುತ್ತಿರಬಹುದು ಎಂಬರ್ಥದ, ಬೇಸ್‌ಬಾಲ್ ಆಟಗಾರ ಸ್ಯಾಚೆಲ್ ಪೇಜ್ ಅವರ ಪ್ರಸಿದ್ಧ ಮಾತಿನ ನೆನಪೂ ಈ ಹೆಸರಿನಲ್ಲಿದೆ.

ಹಿನ್ನೆಲೆ

೧೯೪೧ರ ಮೇ ೨೪ರಂದು ಮಿನೆಸೋಟ ರಾಜ್ಯದ ಡುಲೂತ್‌ನಲ್ಲಿ ಜನಿಸಿದ ಡಿಲನ್ ಪ್ರವಾಸದ ವೇಳೆಗೆ ಇನ್ನೂ ೨೩ರ ಯುವಕ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ ಕಾಫಿ ಮನೆಗಳಲ್ಲಿ ಜನಪದ ಧಾಟಿಯ ಹಾಡುಗಳನ್ನು ಹಾಡುತ್ತ ಬಂದ ಅವರು, ಒಂದು ಗಿಟಾರ್ ಮತ್ತು ಕೊರಳಿಗೆ ಕಟ್ಟಿಕೊಂಡ ಹಾರ್ಮೋನಿಕಾ, ಇಷ್ಟರಲ್ಲೇ ಸಭಾಂಗಣಗಳನ್ನು ತುಂಬಿಸಬಲ್ಲವರಾಗಿದ್ದರು. ಯುದ್ಧವಿರೋಧ ಮತ್ತು ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಹಾಡುಗಳಿಂದಾಗಿ ಪತ್ರಿಕೆಗಳು ಅವರಿಗೆ ಒಂದು ಪೀಳಿಗೆಯ ವಕ್ತಾರನೆಂಬ ಪಟ್ಟ ಕಟ್ಟಿದ್ದವು. ಆ ಪಟ್ಟ ಅವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ೧೯೬೫ರ ಮಾರ್ಚ್ ತಿಂಗಳಿನಲ್ಲಿ ಹೊರಬಂದ 'ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್' ಧ್ವನಿಮುದ್ರಿಕೆಯ ಒಂದು ಮಗ್ಗುಲಿನಲ್ಲಿ ವಿದ್ಯುತ್ ಗಿಟಾರ್, ಡ್ರಮ್ ಸಹಿತವಾದ ವಾದ್ಯಮೇಳವಿತ್ತು. ಅವರ ಮನಸ್ಸು ಆಗಲೇ ಬೇರೆಡೆಗೆ ಹೊರಳಿತ್ತು. ಆದರೆ ಇಂಗ್ಲೆಂಡಿನ ಶ್ರೋತೃಗಳು ಹಳೆಯ ಡಿಲನ್‌ಗಾಗಿ ಕಾದು ಕುಳಿತಿದ್ದರು. ಅವರ ಹಿಂದಿನ ಹಾಡುಗಳು ಅಲ್ಲಿನ ಜನಪ್ರಿಯತೆಯ ಪಟ್ಟಿಯನ್ನು ಏರಿದ್ದೇ ಆ ವರ್ಷ. ಹೀಗೆ ತನ್ನಿಂದ ಕಳಚಿಹೋಗುತ್ತಿದ್ದ ವೇಷವನ್ನೇ ಪ್ರತಿ ರಾತ್ರಿ ತೊಟ್ಟು ವೇದಿಕೆಯೇರಬೇಕಾದ ಕಲಾವಿದನ ಇಕ್ಕಟ್ಟು ಚಿತ್ರದ ಉದ್ದಕ್ಕೂ ಒಳಗೊಳಗೇ ಹರಿಯುತ್ತದೆ. ಚಿತ್ರ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಪೆನ್ನೆಬೇಕರ್ (೧೯೨೫–೨೦೧೯) ಯೇಲ್ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಕಲಿತ ಎಂಜಿನಿಯರ್. ಡ್ಯೂಕ್ ಎಲಿಂಗ್ಟನ್ ಅವರ ಸಂಗೀತಕ್ಕೆ ನ್ಯೂಯಾರ್ಕಿನ ಮೇಲ್ಸೇತುವೆ ರೈಲಿನ ದೃಶ್ಯಗಳನ್ನು ಹೊಂದಿಸಿದ 'ಡೇಬ್ರೇಕ್ ಎಕ್ಸ್‌ಪ್ರೆಸ್' ಅವರ ಮೊದಲ ಕಿರುಚಿತ್ರ. ಬಳಿಕ ಅವರು ರಾಬರ್ಟ್ ಡ್ರೂ, ರಿಚರ್ಡ್ ಲೀಕಾಕ್, ಆಲ್ಬರ್ಟ್ ಮೇಸಲ್ಸ್ ಮೊದಲಾದವರೊಡನೆ ಸೇರಿ, ೧೯೬೦ರಲ್ಲಿ ಜಾನ್ ಕೆನೆಡಿ ಮತ್ತು ಹ್ಯೂಬರ್ಟ್ ಹಂಫ್ರಿ ಅವರ ನಡುವೆ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದ ಸ್ಪರ್ಧೆಯನ್ನು ಕುರಿತ 'ಪ್ರೈಮರಿ' ಚಿತ್ರದಲ್ಲಿ ದುಡಿದರು. ಮುಂದೆ ಡಿಲನ್ನರ ಪತ್ನಿಯಾದ ಸಾರಾ ಲೌಂಡ್ಸ್ ಅವರಿಗೆ ತಮ್ಮ ಉದ್ಯೋಗದ ನಿಮಿತ್ತ ಈ ತಂಡದ ಪರಿಚಯವಿತ್ತು. ಗ್ರಾಸ್‌ಮನ್ ಅವರು ಪೆನ್ನೆಬೇಕರ್ ಅವರನ್ನು ಹುಡುಕಿಕೊಂಡು ಬಂದು ಪ್ರವಾಸವನ್ನು ಚಿತ್ರೀಕರಿಸುವಂತೆ ಕೇಳಿದರು. ಆವರೆಗೆ ಪೆನ್ನೆಬೇಕರ್ ಅವರಿಗೆ ಡಿಲನ್ ಬಗ್ಗೆ ಹೆಚ್ಚು ತಿಳಿದಿರಲಿಲ್ಲ. ಚಿತ್ರಕ್ಕೆ ಅದರಿಂದ ಒಳಿತೇ ಆಯಿತು ಎನ್ನಬೇಕು. ಭಕ್ತನ ಕಣ್ಣು ಅಲ್ಲಿಲ್ಲ.

ಕ್ಯಾಮೆರಾ ಮತ್ತು ಚಿತ್ರೀಕರಣದ ಕ್ರಮ

ಈ ಚಿತ್ರವನ್ನು 'ಡೈರೆಕ್ಟ್ ಸಿನಿಮಾ' ಎಂಬ ಪಂಥಕ್ಕೆ ಸೇರಿಸುತ್ತಾರೆ. ಹಿನ್ನೆಲೆಯ ನಿರೂಪಕನ ದನಿ ಇಲ್ಲದಿರುವುದು, ಕುರ್ಚಿಯಲ್ಲಿ ಕೂರಿಸಿ ಸಂದರ್ಶಿಸದಿರುವುದು, ಹೀಗೆ ನಿಲ್ಲಿ ಹಾಗೆ ನಡೆಯಿರಿ ಎಂದು ಸೂಚನೆ ಕೊಡದಿರುವುದು ಈ ಪಂಥದ ಕಟ್ಟುಪಾಡುಗಳು. ಎದುರಿಗೆ ನಡೆದುದನ್ನು ನಡೆದಂತೆಯೇ ಹಿಡಿಯಬೇಕು. ಅರ್ಥವನ್ನು ಸಂಕಲನದ ಮೇಜಿನ ಮೇಲೆ ಹುಡುಕಬೇಕು.

ಇಂಥ ಚಿತ್ರಗಳು ೧೯೬೦ಕ್ಕೆ ಮೊದಲು ಏಕೆ ಬರಲಿಲ್ಲವೆಂಬ ಪ್ರಶ್ನೆಗೆ ಉತ್ತರ ತತ್ತ್ವದಲ್ಲಿರುವುದಕ್ಕಿಂತ ಹೆಚ್ಚಾಗಿ ಯಂತ್ರದಲ್ಲಿದೆ. ಮಾತನ್ನೂ ಚಿತ್ರವನ್ನೂ ಒಟ್ಟಿಗೆ ದಾಖಲಿಸಬಲ್ಲ ಕ್ಯಾಮೆರಾಗಳು ಅದುವರೆಗೆ ಭಾರಿ ತೂಕದವು. ಮುಕ್ಕಾಲಿಯ ಮೇಲೆ ನಿಲ್ಲಿಸದೆ ಬಳಸಲಾಗುತ್ತಿರಲಿಲ್ಲ. ತುಟಿಯ ಚಲನೆಗೂ ದನಿಗೂ ಹೊಂದಿಕೆ ತಪ್ಪದಿರಲು ಕ್ಯಾಮೆರಾವನ್ನೂ ಧ್ವನಿಮುದ್ರಕವನ್ನೂ ತಂತಿಯಿಂದ ಬಿಗಿಯಬೇಕಾಗಿತ್ತು. ಡ್ರೂ ಅವರ ತಂಡದವರು ಸಿದ್ಧ ಕ್ಯಾಮೆರಾಗಳನ್ನು ಬಿಚ್ಚಿ ಹಗುರಗೊಳಿಸಿ ಹೆಗಲ ಮೇಲೆ ಹೊರುವಂತೆ ಮಾಡಿದರು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಬುಲೋವಾ ಅಕ್ಯುಟ್ರಾನ್ ಕೈಗಡಿಯಾರದೊಳಗೆ ಒಂದು ಪುಟ್ಟ ಶ್ರುತಿಕವೆ ಮಿಡಿಯುತ್ತದೆ. ಆ ಮಿಡಿತದ ನಿಖರತೆಯನ್ನು ಆಧಾರವಾಗಿಟ್ಟುಕೊಂಡರೆ ಕ್ಯಾಮೆರಾ ಒಂದೆಡೆ, ಧ್ವನಿಮುದ್ರಕ ಇನ್ನೊಂದೆಡೆ ಇದ್ದರೂ ಎರಡೂ ಒಂದೇ ವೇಗದಲ್ಲಿ ಓಡುತ್ತವೆ. ತಂತಿ ಕಡಿದುಹೋಯಿತು. ಛಾಯಾಗ್ರಾಹಕ ಕೋಣೆಯ ಒಂದು ಮೂಲೆಯಲ್ಲಿ, ಧ್ವನಿಮುದ್ರಕ ಮತ್ತೊಂದು ಮೂಲೆಯಲ್ಲಿ ಯಾರಿಗೂ ತೊಡಕಾಗದಂತೆ ನಿಲ್ಲಬಹುದಾಯಿತು. ಶಾಲೆಯ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಶ್ರುತಿಕವೆಯನ್ನು ರಬ್ಬರಿನ ಮೇಲೆ ತಟ್ಟಿ ನೋಡಿದ ವಿದ್ಯಾರ್ಥಿಗಳಿಗೆ, ಒಂದು ಸಿನಿಮಾ ಪಂಥದ ಬೇರು ಅಲ್ಲಿಯೂ ಇದೆಯೆಂಬುದು ಸ್ವಾರಸ್ಯಕರವೆನಿಸಬಹುದು.

'ಡೋಂಟ್ ಲುಕ್ ಬ್ಯಾಕ್' ಚಿತ್ರೀಕರಣದ ತಂಡ ಬಹಳ ಚಿಕ್ಕದು. ಪೆನ್ನೆಬೇಕರ್ ಅವರ ಹೆಗಲ ಮೇಲೆ ಕ್ಯಾಮೆರಾ, ಧ್ವನಿಮುದ್ರಣಕ್ಕೆ ಜೋನ್ಸ್ ಆಲ್ಕ್, ಎರಡನೆಯ ಕ್ಯಾಮೆರಾದೊಂದಿಗೆ ಹೊವರ್ಡ್ ಆಲ್ಕ್, ಕಛೇರಿಗಳ ಧ್ವನಿಗಾಗಿ ಇನ್ನೊಬ್ಬರು. ೪೦೦ ಅಡಿಯ ೧೬ ಮಿಲಿಮೀಟರ್ ಫಿಲ್ಮಿನ ಸುರುಳಿ ಸುಮಾರು ೧೧ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಯಾವಾಗ ಕ್ಯಾಮೆರಾ ಚಾಲೂ ಮಾಡಬೇಕು, ಯಾವಾಗ ನಿಲ್ಲಿಸಬೇಕೆಂಬುದೇ ನಿರ್ದೇಶನದ ಮುಖ್ಯ ಭಾಗ. ಕೋಣೆಗಳಲ್ಲಿ ಪ್ರತ್ಯೇಕ ದೀಪಗಳಿರಲಿಲ್ಲ. ಇದ್ದ ಬೆಳಕಿನಲ್ಲೇ ತೆಗೆದ ಚಿತ್ರಗಳು ಕಾಳುಕಾಳಾಗಿ, ಕೆಲವೆಡೆ ನಾಭಿ ತಪ್ಪಿ, ಅಲುಗಾಡುತ್ತ ಕಾಣುತ್ತವೆ. ಅಂದಿನ ವಿತರಕರಿಗೆ ಇದು ಕಸುಬುಗೇಡಿತನವೆನಿಸಿತು.

ಪ್ರವಾಸದ ವಿವರ

ಪ್ರವಾಸ ನಡೆದುದು ಏಪ್ರಿಲ್ ೩೦ರಿಂದ ಮೇ ೧೦ರವರೆಗೆ. ಒಟ್ಟು ಎಂಟು ಕಛೇರಿಗಳು. ಶೆಫೀಲ್ಡಿನಲ್ಲಿ ಆರಂಭವಾಗಿ ಲಿವರ್‌ಪೂಲ್, ಲೆಸ್ಟರ್, ಬರ್ಮಿಂಗ್‌ಹ್ಯಾಮ್, ನ್ಯೂಕ್ಯಾಸಲ್, ಮ್ಯಾಂಚೆಸ್ಟರ್ ಊರುಗಳನ್ನು ಹಾದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಎರಡು ರಾತ್ರಿಗಳ ಕಛೇರಿಯೊಂದಿಗೆ ಮುಗಿಯಿತು. ವಾದ್ಯಮೇಳವಿಲ್ಲದೆ ಡಿಲನ್ ಒಬ್ಬರೇ ನಿಂತು ಹಾಡಿದ ಕಡೆಯ ಪ್ರವಾಸಗಳಲ್ಲಿ ಇದೊಂದು. ಅದೇ ಜುಲೈ ೨೫ರಂದು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಅವರು ವಿದ್ಯುತ್ ಗಿಟಾರ್ ಹಿಡಿದು ನಿಂತಾಗ ಎದ್ದ ಗದ್ದಲ ಸಂಗೀತಚರಿತ್ರೆಯಲ್ಲಿ ದಾಖಲಾಗಿದೆ.

ಆರಂಭದ ದೃಶ್ಯ

ಚಿತ್ರವು ಪ್ರವಾಸದಿಂದ ಆರಂಭವಾಗುವುದಿಲ್ಲ. ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯೊಂದರಲ್ಲಿ ಡಿಲನ್ ನಿಂತಿದ್ದಾರೆ. 'ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್' ಹಾಡು ಕೇಳಿಬರುತ್ತಿದೆ, ಅವರು ಮಾತ್ರ ಹಾಡುತ್ತಿಲ್ಲ. ಹಾಡಿನ ಆಯ್ದ ಪದಗಳನ್ನು ಬರೆದ ದೊಡ್ಡ ಕಾಗದದ ಫಲಕಗಳನ್ನು ಒಂದೊಂದಾಗಿ ತೋರಿಸಿ ನೆಲಕ್ಕೆ ಬಿಡುತ್ತಾರೆ. ಮುಖದಲ್ಲಿ ನಗುವಿಲ್ಲ. ಹಿನ್ನೆಲೆಯಲ್ಲಿ ಕವಿ ಆಲೆನ್ ಗಿನ್ಸ್‌ಬರ್ಗ್ ಊರುಗೋಲು ಹಿಡಿದು ಯಾರೊಡನೆಯೋ ಹರಟುತ್ತಿದ್ದಾರೆ. ಆ ಇನ್ನೊಬ್ಬರು ಡಿಲನ್ನರ ಗೆಳೆಯ ಬಾಬ್ ನ್ಯೂವರ್ತ್. ಫಲಕಗಳನ್ನು ಬರೆಯಲು ಇವರಿಬ್ಬರೊಡನೆ ಸ್ಕಾಟ್ಲೆಂಡಿನ ಗಾಯಕ ಡೊನೊವನ್ ಕೂಡ ಕೈಜೋಡಿಸಿದ್ದರು. ಕೆಲವು ಫಲಕಗಳಲ್ಲಿ ಕಾಗುಣಿತವನ್ನು ಬೇಕೆಂದೇ ಕೆಡಿಸಲಾಗಿದೆ. ಒಂದೆಡೆ ಹಾಡಿನಲ್ಲಿ ಕೇಳುವ ಸಂಖ್ಯೆಯೇ ಒಂದು, ಫಲಕದಲ್ಲಿರುವುದೇ ಇನ್ನೊಂದು. ಹತ್ತಿರದ ಉದ್ಯಾನದಲ್ಲಿಯೂ ಕಟ್ಟಡದ ಮಾಳಿಗೆಯ ಮೇಲೂ ಇದೇ ದೃಶ್ಯವನ್ನು ಚಿತ್ರೀಕರಿಸಲಾಗಿತ್ತಾದರೂ ಚಿತ್ರದಲ್ಲಿ ಉಳಿದುದು ಓಣಿಯ ದೃಶ್ಯ.

ಮುಂದೆ ಬಂದ ಮ್ಯೂಸಿಕ್ ವಿಡಿಯೊ ಪ್ರಕಾರದ ಪೂರ್ವಜರಲ್ಲಿ ಈ ತುಣುಕನ್ನು ಎಣಿಸುತ್ತಾರೆ. ಆಸ್ಟ್ರೇಲಿಯದ ಇನೆಕ್ಸಸ್ ತಂಡದ 'ಮೀಡಿಯೇಟ್' ಹಾಡಿನ ದೃಶ್ಯರೂಪ ಇದರ ನೇರ ಅನುಕರಣೆ. ೨೦೦೩ರ 'ಲವ್ ಆ್ಯಕ್ಚುಯಲಿ' ಚಿತ್ರದಲ್ಲಿ ಫಲಕಗಳ ಮೂಲಕ ಪ್ರೇಮನಿವೇದನೆ ಮಾಡುವ ಸನ್ನಿವೇಶವೂ ಹಲವರಿಗೆ ಇದನ್ನೇ ನೆನಪಿಸುತ್ತದೆ. ಏನನ್ನೂ ಸಿದ್ಧಪಡಿಸದೆ ತೆಗೆದ ಚಿತ್ರವೆಂದು ಹೆಸರಾದ ಕೃತಿಯ ಮೊದಲ ದೃಶ್ಯವೇ ಸಂಪೂರ್ಣ ಸಿದ್ಧಪಡಿಸಿದ್ದು ಎಂಬುದನ್ನು ಮರೆಯಬಾರದು.

ಚಿತ್ರದಲ್ಲಿ ಕಾಣುವ ಸಂಗತಿಗಳು

ವಿಮಾನ ನಿಲ್ದಾಣದಲ್ಲಿ ಪತ್ರಕರ್ತರೆದುರು ಡಿಲನ್ ಭಾರಿ ಗಾತ್ರದ ವಿದ್ಯುದ್ದೀಪದ ಬುರುಡೆಯೊಂದನ್ನು ಹಿಡಿದು ಬರುತ್ತಾರೆ. ಏಕೆಂದು ಯಾರಿಗೂ ತಿಳಿಯದು. ನಿಮ್ಮ ಸಂದೇಶವೇನೆಂದು ಕೇಳಿದವರಿಗೆ ಆ ಬುರುಡೆಯನ್ನೇ ಸೇರಿಸಿ ಉತ್ತರ ಕೊಡುತ್ತಾರೆ. ಹೋಟೆಲಿನ ಕೋಣೆಗಳು, ಕಾರುಗಳು, ರೈಲಿನ ಡಬ್ಬಿಗಳು, ವೇದಿಕೆಯ ಹಿಂದಿನ ಇಕ್ಕಟ್ಟಾದ ಹಜಾರಗಳು, ಇವೇ ಚಿತ್ರದ ಹೆಚ್ಚಿನ ಭೂಭಾಗ. ದಿನಕ್ಕೆ ಎಂಬತ್ತು ಸಿಗರೇಟು ಸೇದುತ್ತಾರೆಂದು ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬಂದುದನ್ನು ಓದಿ, ಸದ್ಯ ನಾನು ನಾನಲ್ಲವಲ್ಲ ಎಂಬ ಧಾಟಿಯಲ್ಲಿ ಡಿಲನ್ ನಗುತ್ತಾರೆ. ಹೋಟೆಲಿನ ಕಿಟಕಿಯಿಂದ ಯಾರೋ ಬೀದಿಗೆ ಗಾಜಿನ ಲೋಟ ಎಸೆದಾಗ ಮಾತ್ರ ನಗು ಮಾಯವಾಗಿ, ಎಸೆದವರು ಯಾರೆಂದು ಹೇಳಿ ಎಂದು ಕೋಣೆ ತುಂಬಾ ಅಬ್ಬರಿಸುತ್ತಾರೆ.

ಲಿವರ್‌ಪೂಲಿನ ಹದಿಹರೆಯದ ಹುಡುಗಿಯರು ಅವರನ್ನು ಕಾಣಲು ಬರುವ ದೃಶ್ಯ ಚಿಕ್ಕದು, ಆದರೆ ಬಹು ಮುಖ್ಯವಾದುದು. ವಾದ್ಯಮೇಳದ ಹೊಸ ಹಾಡು ತಮಗೆ ಹಿಡಿಸಲಿಲ್ಲ, ಅದು ನಿಮ್ಮಂತೆ ಕೇಳಿಸುವುದೇ ಇಲ್ಲ ಎಂದು ಅವರು ಸಂಕೋಚವಿಲ್ಲದೆ ಹೇಳುತ್ತಾರೆ. ಡಿಲನ್ ಸಿಟ್ಟಾಗುವುದಿಲ್ಲ, ನನ್ನ ಗೆಳೆಯರಿಗೂ ಕೆಲಸ ಕೊಡಬೇಡವೇ ಎಂದು ಮೃದುವಾಗಿ ಜಾರಿಕೊಳ್ಳುತ್ತಾರೆ. ಒಂದು ವರ್ಷದ ಬಳಿಕ ಇದೇ ದೇಶದ ಸಭಾಂಗಣಗಳಲ್ಲಿ ಕೇಳಿಬರಲಿದ್ದ ಧಿಕ್ಕಾರದ ಮೊದಲ ಸೊಲ್ಲು ಈ ಹುಡುಗಿಯರದು.

ಬಿಬಿಸಿಯ ಆಫ್ರಿಕನ್ ವಿಭಾಗದ ಸಂದರ್ಶಕರೊಬ್ಬರು ಇದೆಲ್ಲ ಹೇಗೆ ಆರಂಭವಾಯಿತೆಂದು ಕೇಳುತ್ತಾರೆ. ಉತ್ತರ ಬರುವ ಮೊದಲೇ ದೃಶ್ಯ ಬದಲಾಗುತ್ತದೆ. ೧೯೬೩ರ ಬೇಸಿಗೆ; ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವುಡ್ ಬಳಿಯ ಹೊಲದಲ್ಲಿ, ಕರಿಯರ ಮತದಾರರ ನೋಂದಣಿಗಾಗಿ ಸೇರಿದ ಸಭೆಯಲ್ಲಿ, ಯುವಕ ಡಿಲನ್ 'ಓನ್ಲಿ ಎ ಪಾನ್ ಇನ್ ದೇರ್ ಗೇಮ್' ಹಾಡುತ್ತಿದ್ದಾರೆ. ಅದೇ ಜೂನ್ ತಿಂಗಳಿನಲ್ಲಿ ಗುಂಡಿಗೆ ಬಲಿಯಾದ ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ಅವರ ಕೊಲೆಯನ್ನು ಕುರಿತ ಹಾಡದು. ಎಡ್ ಎಮ್ಶ್‌ವಿಲ್ಲರ್ ತೆಗೆದಿದ್ದ ಈ ತುಣುಕು ಮುಗಿಯುತ್ತಿದ್ದಂತೆ ಇಂಗ್ಲೆಂಡಿನ ತುಂಬಿದ ಸಭಾಂಗಣದ ಚಪ್ಪಾಳೆ ಎದುರಾಗುತ್ತದೆ. ಹೊಲದ ಬಿಸಿಲಿನಿಂದ ವೇದಿಕೆಯ ದೀಪದವರೆಗಿನ ಎರಡು ವರ್ಷಗಳ ದಾರಿಯನ್ನು ನಿರೂಪಕನ ಒಂದು ಮಾತೂ ಇಲ್ಲದೆ ಈ ಕತ್ತರಿಪ್ರಯೋಗ ತೋರಿಸುತ್ತದೆ. ಚಿತ್ರದಲ್ಲಿ ಹಿಂದಿರುಗಿ ನೋಡುವ ಏಕೈಕ ಸ್ಥಳವೂ ಇದೇ.

ಡೊನೊವನ್ ಅವರಿಗೆ ಆಗಿನ್ನೂ ೧೯ ತುಂಬಿರಲಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಅವರನ್ನು ಡಿಲನ್‌ಗೆ ಎದುರಾಳಿಯಾಗಿ ನಿಲ್ಲಿಸಿದ್ದವು. ಹೋಟೆಲಿನ ಕೋಣೆಯಲ್ಲಿ ಅವರು ತಮ್ಮದೊಂದು ಹಾಡನ್ನು ಹಾಡುತ್ತಾರೆ, ಡಿಲನ್ ಮೆಚ್ಚುತ್ತಾರೆ. ಬಳಿಕ ಗಿಟಾರ್ ಪಡೆದು 'ಇಟ್ಸ್ ಆಲ್ ಓವರ್ ನೌ, ಬೇಬಿ ಬ್ಲೂ' ಹಾಡುತ್ತಾರೆ. ಯಾರು ಗೆದ್ದರು, ಯಾರು ಸೋತರೆಂದು ಕೋಣೆಯಲ್ಲಿ ಯಾರೂ ಹೇಳುವುದಿಲ್ಲ. ಇದನ್ನು ಡಿಲನ್ನರ ಕ್ರೌರ್ಯವೆಂದು ಬರೆದವರಿದ್ದಾರೆ. ದೃಶ್ಯವನ್ನು ನೋಡಿದರೆ ಅಷ್ಟು ಕಟುವಾದ ತೀರ್ಪಿಗೆ ಆಧಾರ ಕಾಣುವುದಿಲ್ಲ. ಕಿರಿಯನ ಹಾಡನ್ನು ಕೇಳಿದ ಹಿರಿಯ, ಕೇಳಿಕೆಯ ಮೇರೆಗೆ ತನ್ನದನ್ನೂ ಹಾಡಿದ, ಅಷ್ಟೆ.

ಕಛೇರಿಗಳನ್ನೇ ನೋಡಬೇಕೆಂದು ಬಂದವರಿಗೆ ಚಿತ್ರ ನಿರಾಶೆ ಉಂಟುಮಾಡಬಹುದು. ಹಾಡುಗಳು ತುಣುಕು ತುಣುಕಾಗಿ ಬರುತ್ತವೆ, ನಡುವೆ ಕಡಿಯುತ್ತವೆ. ಗಾನಗೋಷ್ಠಿಯ ಚಿತ್ರ ಮಾಡುವುದು ಪೆನ್ನೆಬೇಕರ್ ಅವರ ಉದ್ದೇಶವಾಗಿರಲಿಲ್ಲ.

ಜೋನ್ ಬಯೆಜ್

ಚಿತ್ರವನ್ನು ನೋಡಿದವರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದು ಗಾಯಕಿ ಜೋನ್ ಬಯೆಜ್ ಅವರಿರುವ ದೃಶ್ಯಗಳು. ೧೯೬೩ರಲ್ಲಿ ಅಮೆರಿಕದಲ್ಲಿ ಬಯೆಜ್ ಪ್ರಖ್ಯಾತರು, ಡಿಲನ್ ಹೊಸಬರು. ಆಗ ಅವರನ್ನು ತಮ್ಮ ಕಛೇರಿಗಳಿಗೆ ಕರೆದೊಯ್ದು ಸಾವಿರಾರು ಶ್ರೋತೃಗಳೆದುರು ವೇದಿಕೆಗೆ ಕರೆದು ಹಾಡಿಸಿದವರು ಬಯೆಜ್. ಇಂಗ್ಲೆಂಡಿನಲ್ಲಿ ಡಿಲನ್ ತಮ್ಮನ್ನೂ ಹಾಗೆಯೇ ಕರೆಯಬಹುದೆಂಬ ನಿರೀಕ್ಷೆ ಅವರಿಗಿತ್ತು. ಡಿಲನ್ ಕರೆಯಲಿಲ್ಲ.

ಚಿತ್ರ ಈ ವಿಷಯವನ್ನು ಎಲ್ಲಿಯೂ ವಿವರಿಸುವುದಿಲ್ಲ. ಹೋಟೆಲಿನ ಕೋಣೆಯಲ್ಲಿ ಡಿಲನ್ ಬೆರಳಚ್ಚುಯಂತ್ರದ ಮುಂದೆ ಬಾಗಿ ಟಕಟಕನೆ ಬರೆಯುತ್ತಿದ್ದಾರೆ. ಪಕ್ಕದಲ್ಲಿ ಕುಳಿತ ಬಯೆಜ್ ಡಿಲನ್ನರದೇ ಹಾಡುಗಳನ್ನು ಮೆಲುದನಿಯಲ್ಲಿ ಹಾಡುತ್ತಿದ್ದಾರೆ. ಒಂದು ಹಾಡನ್ನು ನೀವಿನ್ನೂ ಮುಗಿಸಿಲ್ಲ ಎಂದು ನೆನಪಿಸುತ್ತಾರೆ. ಹ್ಯಾಂಕ್ ವಿಲಿಯಮ್ಸ್ ಅವರ ಹಳೆಯ ಹಾಡುಗಳನ್ನು ಇಬ್ಬರೂ ಸೇರಿ ಹಾಡುವಾಗ ಒಂದು ಕ್ಷಣ ಎಲ್ಲವೂ ಸರಿಯಿದೆ ಎನಿಸುತ್ತದೆ. ಬಳಿಕ ನ್ಯೂವರ್ತ್ ಅವರ ಚುಚ್ಚುಮಾತು ಆರಂಭವಾಗುತ್ತದೆ. ಬಯೆಜ್ ನಗುತ್ತಲೇ ಸಹಿಸುತ್ತಾರೆ; ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆದು ಹೊರಟುಹೋಗುತ್ತಾರೆ. ಚಿತ್ರದ ಉಳಿದ ಭಾಗದಲ್ಲಿ ಅವರು ಮತ್ತೆ ಕಾಣುವುದಿಲ್ಲ. ಏಕೆಂದು ಯಾರೂ ಕೇಳುವುದೂ ಇಲ್ಲ. ಅದೇ ನವೆಂಬರಿನಲ್ಲಿ ಡಿಲನ್ ಸಾರಾ ಲೌಂಡ್ಸ್ ಅವರನ್ನು ಮದುವೆಯಾದರು. ಬಯೆಜ್ ತಮ್ಮ ಆತ್ಮಕಥನದಲ್ಲಿ ಆ ದಿನಗಳ ನೋವನ್ನು ಬರೆದಿದ್ದಾರೆ. ಬಾಗಿಲು ಮುಚ್ಚಿಕೊಳ್ಳುವ ಆ ದೃಶ್ಯವನ್ನು ತೆಗೆದುಹಾಕಲು ನಿರ್ಮಾಪಕರಿಗೂ ನಾಯಕನಿಗೂ ಎರಡು ವರ್ಷಗಳ ಅವಕಾಶವಿತ್ತು. ಯಾರೂ ತೆಗೆಯಲಿಲ್ಲ.

ಪತ್ರಕರ್ತರೊಡನೆ ಮುಖಾಮುಖಿ

ಪ್ರಶ್ನೆ ಕೇಳುವವರ ಮೇಲೆ ಡಿಲನ್ ತಿರುಗಿ ಪ್ರಶ್ನೆಗಳ ಮಳೆ ಸುರಿಸುವ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಮೊದಲನೆಯದರಲ್ಲಿ ತನ್ನನ್ನು ವಿಜ್ಞಾನದ ವಿದ್ಯಾರ್ಥಿಯೆಂದು ಹೇಳಿಕೊಳ್ಳುವ ಯುವಕನೊಬ್ಬ ಸಿಕ್ಕಿಕೊಳ್ಳುತ್ತಾನೆ. ಅವನ ಸಾಧಾರಣ ಪ್ರಶ್ನೆಗಳನ್ನು ಡಿಲನ್ ಎಳೆಎಳೆಯಾಗಿ ಬಿಡಿಸಿ, ನಿನ್ನನ್ನು ನಾನೇಕೆ ಅರಿಯಬೇಕು ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಆ ಯುವಕ ಟೆರಿ ಎಲ್ಲಿಸ್. ಮುಂದೆ ಕ್ರಿಸ್ ರೈಟ್ ಎಂಬವರೊಡನೆ ಸೇರಿ ಕ್ರಿಸಲಿಸ್ ಎಂಬ ಹೆಸರಾಂತ ಧ್ವನಿಮುದ್ರಿಕಾ ಸಂಸ್ಥೆಯನ್ನು ಕಟ್ಟಿದರು.

ಎರಡನೆಯದು 'ಟೈಮ್' ಪತ್ರಿಕೆಯ ಹೊರೇಸ್ ಜಡ್ಸನ್ ಅವರೊಡನೆ. ಪತ್ರಿಕೆ ಸತ್ಯವನ್ನು ಮುದ್ರಿಸಲಾರದು, ಹಾಗೆ ಮಾಡಿದರೆ ಮುಚ್ಚಿಹೋದೀತು ಎಂಬರ್ಥದ ಮಾತುಗಳಿಂದ ಮೊದಲಾಗಿ ಡಿಲನ್ನರ ವಾಗ್ದಾಳಿ ಸಾವಿನ ಪ್ರಸ್ತಾಪದವರೆಗೆ ಹೋಗುತ್ತದೆ. ಕೊನೆಗೆ ತಾವು ಕರೂಸೋಗೆ ಕಡಿಮೆಯಿಲ್ಲದ ಗಾಯಕನೆಂದು ಹೇಳಿಕೊಳ್ಳುವಲ್ಲಿ ಮುಗಿಯುತ್ತದೆ. ಜಡ್ಸನ್ ತಾಳ್ಮೆ ಕಳೆದುಕೊಳ್ಳುವುದಿಲ್ಲ. ಇವರೇ ಮುಂದೆ ಅಣುಜೀವವಿಜ್ಞಾನದ ಇತಿಹಾಸವನ್ನು ಹೇಳುವ 'ದಿ ಎಯ್ತ್ ಡೇ ಆಫ್ ಕ್ರಿಯೇಶನ್' ಎಂಬ ಮಾನ್ಯ ಗ್ರಂಥವನ್ನು ಬರೆದವರು. ಆ ಸಿಟ್ಟು ಚಿತ್ರಕ್ಕಾಗಿ ಹೂಡಿದ ಆಟವಾಗಿತ್ತೆಂದು ಅವರು ಅನಂತರ ಅಭಿಪ್ರಾಯಪಟ್ಟರು; ಪೆನ್ನೆಬೇಕರ್ ಇದನ್ನು ಒಪ್ಪಲಿಲ್ಲ.

ಈ ದೃಶ್ಯಗಳನ್ನು ಅಧಿಕಾರಸ್ಥ ಪತ್ರಿಕೋದ್ಯಮಕ್ಕೆ ಯುವಜನಾಂಗ ಕೊಟ್ಟ ಉತ್ತರವೆಂದು ಅಂದಿನ ಪ್ರೇಕ್ಷಕರು ಹೊಗಳಿದ್ದುಂಟು. ಇಂದು ನೋಡುವವರಿಗೆ ಬೇರೊಂದು ಸಂಗತಿಯೂ ಕಾಣುತ್ತದೆ: ಕೋಣೆಯಲ್ಲಿರುವವರೆಲ್ಲ ಡಿಲನ್ನರ ಕಡೆಯವರು, ಕ್ಯಾಮೆರಾ ಕೂಡ ಅವರ ಆಹ್ವಾನದ ಮೇಲೆ ಬಂದುದು, ಎದುರು ಕುಳಿತವನು ಒಬ್ಬಂಟಿ.

ವ್ಯವಹಾರದ ಕೋಣೆ

ಗ್ರಾಸ್‌ಮನ್ ಮತ್ತು ಲಂಡನ್ನಿನ ಏಜೆಂಟ್ ಟಿಟೊ ಬರ್ನ್ಸ್ ಅವರು ದೂರವಾಣಿಯ ಮುಂದೆ ಕುಳಿತು ಬಿಬಿಸಿ ಮತ್ತು ಗ್ರಾನಡಾ ದೂರದರ್ಶನ ಸಂಸ್ಥೆಗಳನ್ನು ಒಂದರೆದುರು ಇನ್ನೊಂದನ್ನು ಎತ್ತಿಕಟ್ಟಿ ಸಂಭಾವನೆ ಏರಿಸುವ ದೃಶ್ಯ ನಾಟಕದ ಅಂಕದಂತಿದೆ. ಒಂದು ಕಡೆಗೆ ಕರೆ ಮಾಡಿ ಇನ್ನೊಂದು ಕಡೆಯವರು ಹೆಚ್ಚು ಕೊಡುತ್ತಾರೆನ್ನುವುದು, ಫೋನ್ ಇಟ್ಟು ನಗುವುದು, ಮತ್ತೆ ಕರೆ ಮಾಡುವುದು. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ ಇದರ ಮರ್ಮ ತಕ್ಷಣ ತಿಳಿಯುತ್ತದೆ. ಅನ್ಯಾಯವನ್ನು ಪ್ರಶ್ನಿಸುವ ಹಾಡು ಸಭಾಂಗಣದಲ್ಲಿ, ಅದರ ಬೆಲೆಯ ಚೌಕಾಸಿ ಹೋಟೆಲಿನಲ್ಲಿ. ನಿರ್ದೇಶಕರು ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗಿದ್ದಾರೆ. ಈ ದೃಶ್ಯದ ಪ್ರಮುಖ ಪಾತ್ರಧಾರಿಯೇ ಚಿತ್ರದ ನಿರ್ಮಾಪಕನೂ ಹೌದು ಎಂಬುದು ಇದರ ವಿಶೇಷ. ಹೋಟೆಲಿನ ಸಿಬ್ಬಂದಿಯನ್ನು ಅದೇ ಗ್ರಾಸ್‌ಮನ್ ಕೆಟ್ಟ ಮಾತಿನಲ್ಲಿ ಬೈದು ಅಟ್ಟುವುದೂ ಚಿತ್ರದಲ್ಲಿ ಉಳಿದಿದೆ.

ಸತ್ಯ ಮತ್ತು ಅಭಿನಯದ ಪ್ರಶ್ನೆ

ಕ್ಯಾಮೆರಾ ಇದೆಯೆಂದು ಬಲ್ಲ ಮನುಷ್ಯ ಸಹಜವಾಗಿರಬಲ್ಲನೆ ಎಂಬ ಪ್ರಶ್ನೆ ಈ ಚಿತ್ರದ ಚರ್ಚೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಡೈರೆಕ್ಟ್ ಸಿನಿಮಾದವರು ತಮ್ಮನ್ನು ಗೋಡೆಯ ಮೇಲಿನ ನೊಣಕ್ಕೆ ಹೋಲಿಸಿಕೊಳ್ಳುತ್ತಾರೆಂಬ ಮಾತು ಬಳಕೆಯಲ್ಲಿದೆ. ಡಿಲನ್ ವಿಷಯದಲ್ಲಿ ಆ ಹೋಲಿಕೆ ಅರ್ಧ ಮಾತ್ರ ಸಲ್ಲುತ್ತದೆ. ಹೆಸರನ್ನೇ ಬದಲಿಸಿಕೊಂಡು, ತನ್ನ ಬಾಲ್ಯದ ಬಗ್ಗೆ ಬಗೆಬಗೆಯ ಕಟ್ಟುಕಥೆಗಳನ್ನು ಹೇಳುತ್ತ ಬಂದ ಕಲಾವಿದರವರು. ಕ್ಯಾಮೆರಾ ಇರಲಿ, ಬಿಡಲಿ, ಅವರಿಗೆ ಪಾತ್ರಧಾರಣೆ ಹೊಸದಲ್ಲ. ಪೆನ್ನೆಬೇಕರ್ ಕೂಡ ತಾವು ತೆಗೆದುದು ಡಿಲನ್ನರ ಸಂಪೂರ್ಣ ಸತ್ಯವೆಂದು ಹೇಳಿಕೊಳ್ಳಲಿಲ್ಲ.

ಇನ್ನೊಂದು ಕಡೆ, ಅಭಿನಯಕ್ಕೆ ದಕ್ಕದ ಕ್ಷಣಗಳೂ ಇಲ್ಲಿವೆ. 'ಆನಿಮಲ್ಸ್' ವಾದ್ಯತಂಡವನ್ನು ಆಗತಾನೆ ಬಿಟ್ಟಿದ್ದ ಆಲನ್ ಪ್ರೈಸ್ ಅವರನ್ನು ಏಕೆ ಬಿಟ್ಟಿರಿ ಎಂದು ಡಿಲನ್ ಕೇಳಿದಾಗ ಪ್ರೈಸ್ ಮುಖದಲ್ಲಿ ಸುಳಿದು ಮರೆಯಾಗುವ ಭಾವ ಅಂಥದು. ವೇದಿಕೆಗೆ ಹೋಗುವ ಮುನ್ನ ಡಿಲನ್ ಒಬ್ಬರೇ ನಿಂತು ಹಾರ್ಮೋನಿಕಾ ಹುಡುಕುವ, ಅತ್ತಿತ್ತ ತಿರುಗುವ ನಿಮಿಷಗಳೂ ಅಂಥವೇ. ಕಡೆಯ ದೃಶ್ಯದಲ್ಲಿ ಆಲ್ಬರ್ಟ್ ಹಾಲ್‌ನಿಂದ ಕಾರಿನಲ್ಲಿ ಹೊರಟಾಗ, ಪತ್ರಿಕೆಗಳು ನಿಮ್ಮನ್ನು ಅರಾಜಕತಾವಾದಿ ಎನ್ನುತ್ತಿವೆ ಎಂದು ಗ್ರಾಸ್‌ಮನ್ ಹೇಳುತ್ತಾರೆ. ಪರಿಹಾರ ಯಾವುದನ್ನೂ ಹೇಳುತ್ತಿಲ್ಲವೆಂಬುದೇ ಅದಕ್ಕೆ ಕಾರಣವಂತೆ. ಡಿಲನ್ ಅಚ್ಚರಿಪಟ್ಟು, ನಕ್ಕು, ಆ ಅರಾಜಕತಾವಾದಿಗೆ ಒಂದು ಸಿಗರೇಟು ಕೊಡಿ ಎನ್ನುತ್ತಾರೆ.

ಚಿತ್ರವನ್ನು ಮೊದಲು ನೋಡಿದಾಗ ಅನೇಕ ಬದಲಾವಣೆಗಳಾಗಬೇಕೆಂದು ಡಿಲನ್ ಹೇಳಿದರೆಂದೂ, ಮರುದಿನ ಟಿಪ್ಪಣಿ ಪುಸ್ತಕ ಹಿಡಿದು ಮತ್ತೆ ನೋಡಿ, ಕೊನೆಯಲ್ಲಿ ಖಾಲಿ ಹಾಳೆಯನ್ನು ತೋರಿಸಿ ಒಪ್ಪಿದರೆಂದೂ ಪೆನ್ನೆಬೇಕರ್ ಹಲವು ಬಾರಿ ಹೇಳಿಕೊಂಡಿದ್ದಾರೆ.

ಬಿಡುಗಡೆ ಮತ್ತು ಮನ್ನಣೆ

ದೊಡ್ಡ ವಿತರಕರು ಚಿತ್ರವನ್ನು ಮುಟ್ಟಲಿಲ್ಲ. ಕೊನೆಗೆ ಮುಂದೆ ಬಂದವರು ವಯಸ್ಕರ ಚಿತ್ರಗಳನ್ನು ತೋರಿಸುತ್ತಿದ್ದ ಚಿತ್ರಮಂದಿರಗಳ ಮಾಲೀಕರೊಬ್ಬರು. ಚಿತ್ರದ ಒರಟು ನೋಟ ಅವರಿಗೆ ತಮ್ಮ ಚಿತ್ರಗಳಂತೆಯೇ ಕಂಡಿತೆಂದು ಪೆನ್ನೆಬೇಕರ್ ವಿನೋದವಾಗಿ ನೆನೆಯುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆಕಂಡ ಚಿತ್ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದಿತು. ೨೦೧೪ರಲ್ಲಿ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ನಡೆಸಿದ ಮತಗಣನೆಯಲ್ಲಿ ವಿಮರ್ಶಕರು ಇದನ್ನು ಸಾರ್ವಕಾಲಿಕ ಶ್ರೇಷ್ಠ ಸಾಕ್ಷ್ಯಚಿತ್ರಗಳ ಸಾಲಿನಲ್ಲಿ ಜಂಟಿ ಒಂಬತ್ತನೆಯ ಸ್ಥಾನಕ್ಕೆ ಆರಿಸಿದರು. ಪೆನ್ನೆಬೇಕರ್ ಅವರಿಗೆ ೨೦೧೨ರಲ್ಲಿ ಗೌರವ ಆಸ್ಕರ್ ಪ್ರಶಸ್ತಿ ದೊರೆಯಿತು. ಡಿಲನ್ ೨೦೧೬ರ ಸಾಹಿತ್ಯ ನೊಬೆಲ್ ಪಡೆದಾಗ, ಹಾಡು ಸಾಹಿತ್ಯವೇ ಎಂಬ ಚರ್ಚೆಯ ನಡುವೆ ಓಣಿಯಲ್ಲಿ ಪದಗಳ ಫಲಕ ಹಿಡಿದು ನಿಂತ ಆ ಹಳೆಯ ದೃಶ್ಯ ಮತ್ತೆ ಎಲ್ಲೆಡೆ ಹರಿದಾಡಿತು.

ನಂತರದ ಪ್ರವಾಸಚಿತ್ರಗಳು

ಇದಕ್ಕೂ ಮೊದಲು ಈ ದಾರಿಯಲ್ಲಿ ನಡೆದವರಿಲ್ಲದಿಲ್ಲ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಗಾಯಕ ಪಾಲ್ ಆಂಕಾ ಅವರನ್ನು ಕುರಿತು ೧೯೬೨ರಲ್ಲಿ 'ಲೋನ್ಲಿ ಬಾಯ್' ಎಂಬ ಕಿರುಚಿತ್ರ ತಯಾರಿಸಿತ್ತು. ಬೀಟಲ್ಸ್ ತಂಡದ ೧೯೬೪ರ ಅಮೆರಿಕ ಭೇಟಿಯನ್ನು ಮೇಸಲ್ಸ್ ಸೋದರರು ಚಿತ್ರಿಸಿದ್ದರು. ಆದರೆ ಪೂರ್ಣಾವಧಿಯ ಚಿತ್ರವಾಗಿ, ನಾಯಕನ ಸಣ್ಣತನಗಳನ್ನೂ ಬಚ್ಚಿಡದೆ ಚಿತ್ರಮಂದಿರಗಳಲ್ಲಿ ಗೆದ್ದದ್ದು ಪೆನ್ನೆಬೇಕರ್ ಅವರ ಕೃತಿ. ಅವರೇ ಮುಂದೆ 'ಮಾಂಟೆರೆ ಪಾಪ್' (೧೯೬೮) ತೆಗೆದರು. ರವಿಶಂಕರ್ ಅವರ ಸಿತಾರ್ ಮತ್ತು ಅಲ್ಲಾ ರಖಾ ಅವರ ತಬಲಾ ವಾದನದ ಸುದೀರ್ಘ ದೃಶ್ಯದೊಂದಿಗೆ ಮುಗಿಯುವ ಆ ಚಿತ್ರ ಭಾರತೀಯ ಓದುಗರಿಗೆ ಹೆಚ್ಚು ಆಪ್ತವಾದೀತು.

ಮಡೋನಾ ಅವರ ೧೯೯೦ರ ಪ್ರವಾಸವನ್ನು ಕುರಿತ 'ಟ್ರೂತ್ ಆರ್ ಡೇರ್' (೧೯೯೧) ತೆರೆಮರೆಯನ್ನು ಕಪ್ಪು ಬಿಳುಪಿನಲ್ಲಿ, ವೇದಿಕೆಯನ್ನು ವರ್ಣದಲ್ಲಿ ತೋರಿಸಿ ಈ ಪರಂಪರೆಗೆ ನೇರವಾಗಿ ತಲೆಬಾಗಿತು. ಅಲ್ಲಿ ನಾಯಕಿಯೇ ಕ್ಯಾಮೆರಾವನ್ನು ಅರಿತು ಆಡಿಸುತ್ತಾರೆ. ೨೦೧೦ರ ಬಳಿಕ ಕೇಟಿ ಪೆರ್ರಿ, ಒನ್ ಡೈರೆಕ್ಷನ್, ಲೇಡಿ ಗಾಗಾ, ಟೇಲರ್ ಸ್ವಿಫ್ಟ್ ಮೊದಲಾದವರ ಬಗ್ಗೆ ಇಂಥ ಚಿತ್ರಗಳು ಸಾಲುಸಾಲಾಗಿ ಬಂದಿವೆ. ಬಿಯಾನ್ಸೆ ಅವರ 'ಹೋಮ್‌ಕಮಿಂಗ್' (೨೦೧೯) ಚಿತ್ರದ ನಿರ್ದೇಶನದಲ್ಲಿ ಗಾಯಕಿಯದೇ ಮುಖ್ಯ ಪಾತ್ರ. ಕಣ್ಣೀರು, ದಣಿವು, ತಾಯಿತಂದೆಯರ ಮಾತು, ಎಲ್ಲವೂ ಇವುಗಳಲ್ಲಿ ಇರುತ್ತವೆ. ನಾಯಕ ಅಥವಾ ನಾಯಕಿ ಪ್ರೇಕ್ಷಕರ ಪ್ರೀತಿ ಕಳೆದುಕೊಳ್ಳುವಂಥ ದೃಶ್ಯ ಮಾತ್ರ ವಿರಳ. ಗ್ರಾಸ್‌ಮನ್ ತಾವೇ ನಿರ್ಮಾಪಕರಾಗಿದ್ದ ಚಿತ್ರದಲ್ಲಿ ಬೈಗುಳವನ್ನು ಉಳಿಯಗೊಟ್ಟದ್ದು ಈ ಹಿನ್ನೆಲೆಯಲ್ಲಿ ವಿಚಿತ್ರವಾಗಿ ಕಾಣುತ್ತದೆ.

ಡಿಲನ್ನರ ೧೯೬೬ರ ವಾದ್ಯಮೇಳಸಹಿತ ಪ್ರವಾಸವನ್ನೂ ಪೆನ್ನೆಬೇಕರ್ ಚಿತ್ರೀಕರಿಸಿದ್ದರು, ಈ ಬಾರಿ ವರ್ಣದಲ್ಲಿ. ಅದನ್ನು ಡಿಲನ್ ಮತ್ತು ಹೊವರ್ಡ್ ಆಲ್ಕ್ ಸಂಕಲಿಸಿ 'ಈಟ್ ದ ಡಾಕ್ಯುಮೆಂಟ್' ಎಂಬ ಚಿತ್ರ ಮಾಡಿದರು. ಕೇಳಿದ್ದ ಎಬಿಸಿ ದೂರದರ್ಶನವೇ ಅದನ್ನು ಪ್ರಸಾರ ಮಾಡಲೊಪ್ಪಲಿಲ್ಲ. ಆ ಪ್ರವಾಸದ ದೃಶ್ಯಗಳು ಮಾರ್ಟಿನ್ ಸ್ಕಾರ್ಸೆಸೆ ಅವರ 'ನೋ ಡೈರೆಕ್ಷನ್ ಹೋಮ್' (೨೦೦೫) ಚಿತ್ರದಲ್ಲಿ ಬಳಕೆಯಾದವು. ಅದರಲ್ಲಿ ಡಿಲನ್ ಮತ್ತು ಬಯೆಜ್ ಇಬ್ಬರೂ, ಬೇರೆ ಬೇರೆಯಾಗಿ ಕುಳಿತು, ಇಂಗ್ಲೆಂಡಿನ ಆ ದಿನಗಳ ಬಗ್ಗೆ ಮಾತನಾಡಿದ್ದಾರೆ. 'ಡೋಂಟ್ ಲುಕ್ ಬ್ಯಾಕ್' ಚಿತ್ರದಲ್ಲಿ ಬಳಸದೆ ಉಳಿದಿದ್ದ ಭಾಗಗಳಿಂದ ಪೆನ್ನೆಬೇಕರ್ ೨೦೦೭ರಲ್ಲಿ '೬೫ ರಿವಿಸಿಟೆಡ್' ಎಂಬ ಇನ್ನೊಂದು ಚಿತ್ರವನ್ನು ಹೊರತಂದರು. ಮೊದಲ ಚಿತ್ರದಲ್ಲಿ ಕಡಿದುಹೋಗಿದ್ದ ಹಾಡುಗಳಲ್ಲಿ ಕೆಲವು ಇದರಲ್ಲಿ ಪೂರ್ಣವಾಗಿ ಕೇಳಸಿಗುತ್ತವೆ.